ಹುಳುಕಡ್ಡಿಗೆ ಮುಲಾಮು: ಯಾವುದು, ಎಷ್ಟು, ಎಷ್ಟು ದಿನ

ಹುಳುಕಡ್ಡಿಯಲ್ಲಿ ಹುಳವೂ ಇಲ್ಲ, ಕಡ್ಡಿಯೂ ಇಲ್ಲ. ಗಜಕರ್ಣ ಎಂದೂ ಕರೆಯುವ ಈ ಕಾಯಿಲೆಗೆ ಕಾರಣ ಚರ್ಮದ ಮೇಲ್ಪದರದ ಕೆರಟಿನ್ ಎಂಬ ಪ್ರೋಟೀನ್ ತಿಂದು ಬದುಕುವ ಶಿಲೀಂಧ್ರ. ನಡುಭಾಗ ವಾಸಿಯಾದಂತೆ ಕಾಣುತ್ತಿರುತ್ತದೆ, ಅಂಚು ಮಾತ್ರ ಕೆಂಪಾಗಿ, ಸ್ವಲ್ಪ ಉಬ್ಬಿ, ಹೊಟ್ಟು ಬಿಡುತ್ತಾ ಹೊರಕ್ಕೆ ಹರಡುತ್ತದೆ. ಮುಲಾಮು ಹಚ್ಚುವವರು ನೆನಪಿಡಬೇಕಾದ್ದು ಇದನ್ನೇ: ಶಿಲೀಂಧ್ರ ಇರುವುದು ಅಂಚಿನಲ್ಲಿ.

ಕೊಳ್ಳುವ ಮುನ್ನ ಟ್ಯೂಬ್ ತಿರುಗಿಸಿ, ಸಣ್ಣಕ್ಷರದಲ್ಲಿರುವ ಔಷಧದ ಹೆಸರು ಓದಿ. ಕ್ಲೋಟ್ರಿಮಝೋಲ್ 1%, ಮೈಕೊನಝೋಲ್ 2%, ಕೀಟೊಕೊನಝೋಲ್ 2%, ಲುಲಿಕೊನಝೋಲ್ 1%, ಟರ್ಬಿನಫಿನ್ 1% – ಇವುಗಳಲ್ಲಿ ಯಾವುದಾದರೂ ಒಂದೇ ಇರಬೇಕು. ಜೊತೆಗೆ ಕ್ಲೋಬೆಟಸಾಲ್, ಬೀಟಾಮೆಥಸೋನ್, ಬೆಕ್ಲೊಮೆಥಸೋನ್, ಮೊಮೆಟಾಸೋನ್ ಎಂಬ ಹೆಸರು ಕಂಡರೆ ಅದು ಸ್ಟೀರಾಯ್ಡ್, ವಾಪಸ್ ಕೊಡಿ. ಕ್ಲೋಟ್ರಿಮಝೋಲ್ ಮತ್ತು ಕ್ಲೋಬೆಟಸಾಲ್ ಎರಡೂ ‘ಕ್ಲೋ’ದಿಂದಲೇ ಶುರುವಾಗುವುದರಿಂದ ಇಲ್ಲಿ ಕಣ್ಣು ತಪ್ಪುವುದು ಸುಲಭ. ಹೆಸರಿನ ಕೊನೆ ನೋಡಿ.

ಬೆರಕೆ ಮುಲಾಮು ಮಾಡುವ ಅನಾಹುತ ನಿಧಾನವಾಗಿ ಗೊತ್ತಾಗುತ್ತದೆ. ಸ್ಟೀರಾಯ್ಡ್ ಎರಡೇ ದಿನದಲ್ಲಿ ತುರಿಕೆ, ಕೆಂಪು ಎರಡನ್ನೂ ಅಡಗಿಸುತ್ತದೆ. ಜೊತೆಗೇ ಚರ್ಮದ ಪ್ರತಿರೋಧವನ್ನೂ ಅಡಗಿಸುವುದರಿಂದ ಶಿಲೀಂಧ್ರ ಸದ್ದಿಲ್ಲದೆ ಹರಡುತ್ತದೆ. ಬಿಟ್ಟ ಕೂಡಲೇ ಮೊದಲಿಗಿಂತ ಜೋರಾಗಿ ಮರಳುತ್ತದೆ, ಉಂಗುರದ ಆಕಾರವೇ ಕೆಟ್ಟು ವೈದ್ಯರಿಗೂ ಗುರುತು ಸಿಗದಂತಾಗುತ್ತದೆ. ತೊಡೆಸಂದಿನಲ್ಲಿ ತಿಂಗಳುಗಟ್ಟಲೆ ಹಚ್ಚಿದವರ ಚರ್ಮ ತೆಳುವಾಗಿ ಬೀಳುವ ಪಟ್ಟೆಗಳು ಪೂರ್ತಿ ಹೋಗುವುದಿಲ್ಲ. ಕೇಂದ್ರ ಸರ್ಕಾರ 2018ರಲ್ಲಿ 14 ಸ್ಟೀರಾಯ್ಡ್‌ಗಳ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದಿತು. ಕೇಳಿದರೆ ಕೊಟ್ಟುಬಿಡುವ ಅಂಗಡಿಗಳು ಈಗಲೂ ಇವೆ.

ಇನ್ನು ಹಚ್ಚುವ ಬಗೆ. ಸ್ನಾನ ಮಾಡಿ, ಆ ಜಾಗವನ್ನು ಉಜ್ಜದೆ ಒತ್ತಿ ಒರೆಸಿ, ಫ್ಯಾನಿನ ಗಾಳಿಗೆ ಐದು ನಿಮಿಷ ಆರಲು ಬಿಡಿ. ತೇವದ ಮೇಲೆ ಹಚ್ಚಿದ ಮುಲಾಮು ಜಾರಿ ಬಟ್ಟೆಗೆ ಹೋಗುತ್ತದೆ. ಉಂಗುರದ ಹೊರಗೆ ಎರಡು ಸೆಂಟಿಮೀಟರ್, ಅಂದರೆ ಸುಮಾರು ಒಂದು ಬೆರಳಗಲ, ಚೆನ್ನಾಗಿರುವ ಚರ್ಮದಿಂದ ಶುರುಮಾಡಿ ಒಳಕ್ಕೆ ಬನ್ನಿ. ಒಳಗಿಂದ ಹೊರಕ್ಕೆ ತಿಕ್ಕುವುದು, ನಡುವಿಗೆ ಮಾತ್ರ ಬಳಿಯುವುದು ಎರಡೂ ತಪ್ಪು. ಆಮೇಲೆ ಕೈ ಸೋಪಿನಿಂದ ತೊಳೆಯಿರಿ.

ಪ್ರಮಾಣಕ್ಕೆ ಬೆರಳೇ ಅಳತೆ. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನ ಗೆರೆವರೆಗೆ ಎಳೆದ ಮುಲಾಮು ಸುಮಾರು ಅರ್ಧ ಗ್ರಾಂ. ಬೆರಳೂ ಸೇರಿ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ದಿನಕ್ಕೆರಡು ಸಲ ಎಂದರೆ ಒಂದು ಗ್ರಾಂ. ಅಷ್ಟಗಲದ ಜಾಗಕ್ಕೆ 15 ಗ್ರಾಂ ಟ್ಯೂಬ್ ಹದಿನೈದು ದಿನಕ್ಕೆ ಮುಗಿಯಬೇಕು. ಎರಡು ತಿಂಗಳು ಬಂದಿದೆಯೆಂದರೆ ಉಳಿತಾಯವಾಗಿಲ್ಲ, ಔಷಧ ಚರ್ಮಕ್ಕೆ ಸೇರಿಲ್ಲ. ಲುಲಿಕೊನಝೋಲ್ ದಿನಕ್ಕೆ ಒಮ್ಮೆ ಸಾಕು. ಕ್ಲೋಟ್ರಿಮಝೋಲ್, ಮೈಕೊನಝೋಲ್ ಎರಡು ಸಲ.

ಹೆಚ್ಚಿನವರು ಎಡವುವುದು ದಿನಗಳ ಲೆಕ್ಕದಲ್ಲಿ. ವಾರದಲ್ಲಿ ತುರಿಕೆ ನಿಲ್ಲುತ್ತದೆ, ಟ್ಯೂಬ್ ಕಪಾಟು ಸೇರುತ್ತದೆ, ಮೂರನೇ ವಾರಕ್ಕೆ ಅದೇ ಜಾಗದಲ್ಲಿ ಮತ್ತೆ ಉಂಗುರ. ಕಣ್ಣಿಗೆ ಪೂರ್ತಿ ವಾಸಿ ಅನ್ನಿಸಿದ ಮೇಲೂ ಎರಡು ವಾರ ಹಚ್ಚಿ. ಒಟ್ಟು ಸಾಮಾನ್ಯವಾಗಿ ನಾಲ್ಕು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು. ಸರಿಯಾಗಿ ಹಚ್ಚಿಯೂ ಎರಡು–ಮೂರು ವಾರದಲ್ಲಿ ಅಂಚು ಸ್ವಲ್ಪವೂ ತಗ್ಗದಿದ್ದರೆ ಟ್ಯೂಬ್ ಬದಲಿಸುತ್ತಾ ಕೂರಬೇಡಿ. ಭಾರತದಲ್ಲಿ ಈಗ ಹೆಚ್ಚಾಗಿ ಕಾಣುವ, 2020ರಲ್ಲಿ ಟ್ರೈಕೊಫೈಟಾನ್ ಇಂಡೋಟಿನಿಯೇ ಎಂದು ಹೆಸರು ಪಡೆದ ಶಿಲೀಂಧ್ರದ ಹಲವು ತಳಿಗಳು ಟರ್ಬಿನಫಿನ್‌ಗೆ ಜಗ್ಗುವುದಿಲ್ಲ. ಆ ಔಷಧ ಹಿಡಿಯಬೇಕಾದ ಕಿಣ್ವವೇ ಅವುಗಳಲ್ಲಿ ಮಾರ್ಪಟ್ಟಿರುತ್ತದೆ. ಚರ್ಮವೈದ್ಯರು ಹೊಟ್ಟು ಕೆರೆದು, ಕೆಒಎಚ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್) ದ್ರಾವಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿ ಖಚಿತಪಡಿಸಿಕೊಂಡು ಮಾತ್ರೆ ಕೊಡುತ್ತಾರೆ. ತಲೆಗೂದಲು, ಉಗುರಿಗೆ ತಗುಲಿದ್ದು ಸಾಮಾನ್ಯವಾಗಿ ಮುಲಾಮಿಗೆ ಬಗ್ಗುವುದಿಲ್ಲ. ಅಲ್ಲಿ ಮೊದಲಿಗೇ ವೈದ್ಯರ ಹತ್ತಿರ ಹೋಗಿ. ಸಕ್ಕರೆ ಕಾಯಿಲೆ ಇರುವವರು, ಗರ್ಭಿಣಿಯರು, ಚಿಕ್ಕ ಮಕ್ಕಳು, ಮೈಯೆಲ್ಲ ಹರಡಿಕೊಂಡವರು ಕೂಡ. ಕೀವು, ಜ್ವರ, ಊತ ಬಂದರೆ ಅದೇ ದಿನ ತೋರಿಸಿ.

ಬಟ್ಟೆಯ ವಿಷಯದಲ್ಲಿ ಎಲ್ಲರೂ ಮರೆಯುವುದು ಉಡುದಾರವನ್ನು. ಸೊಂಟದ ಸುತ್ತ ಸದಾ ಒದ್ದೆಯಾಗಿ ಅಂಟಿಕೊಂಡಿರುವ ಆ ದಾರದ ಗೆರೆಗುಂಟ ಉಂಗುರಗಳು ಸಾಲಾಗಿ ಏಳುತ್ತವೆ. ವಾಸಿಯಾಗುವವರೆಗೆ ತೆಗೆದಿಡಿ, ಹಳೆಯದನ್ನು ಮತ್ತೆ ಕಟ್ಟಬೇಡಿ. ಒಳಉಡುಪು, ಟವೆಲ್‌ಗಳನ್ನು ಬಿಸಿನೀರಿನಲ್ಲಿ ಬೇರೆಯಾಗಿ ಒಗೆದು, ಒಳಮಗ್ಗುಲು ಹೊರಗೆ ಮಾಡಿ ಬಿಸಿಲಿಗೆ ಹಾಕಿ. ಮಳೆಗಾಲದಲ್ಲಿ ಬಿಸಿಲಿಲ್ಲದಿದ್ದರೆ ಹೊಲಿಗೆಗಳ ಮೇಲೆ ಇಸ್ತ್ರಿ ಒತ್ತಿ. ಕಾಲುಬೆರಳ ಸಂದಿಯಲ್ಲೂ ಸೋಂಕಿದ್ದರೆ ಚಡ್ಡಿಗಿಂತ ಮೊದಲು ಸಾಕ್ಸ್ ಹಾಕಿಕೊಳ್ಳಿ, ಇಲ್ಲದಿದ್ದರೆ ಪಾದದ ಶಿಲೀಂಧ್ರ ಚಡ್ಡಿಗೆ ತಾಗಿ ತೊಡೆಸಂದಿಗೆ ಬರುತ್ತದೆ. ಮನೆಯಲ್ಲಿ ಇನ್ನೊಬ್ಬರಿಗೆ ತುರಿಕೆಯಿದ್ದರೆ ಇಬ್ಬರಿಗೂ ಒಟ್ಟಿಗೇ ಚಿಕಿತ್ಸೆ ಆಗಬೇಕು.

ವಾಸಿಯಾದ ಮೇಲೂ ಕಂದು ಕಲೆ ತಿಂಗಳುಗಟ್ಟಲೆ ಉಳಿಯಬಹುದು. ಬೆರಳಾಡಿಸಿ ನೋಡಿ: ಅಂಚು ಉಬ್ಬಿಲ್ಲ, ಹೊಟ್ಟು ಏಳುತ್ತಿಲ್ಲ, ತುರಿಕೆಯೂ ಇಲ್ಲವೆಂದರೆ ಅದು ಬರೀ ಬಣ್ಣ. ಅದಕ್ಕೆ ಮುಲಾಮು ಬೇಡ.