ಬೂಷ್ಟು ಹಿಡಿದ ಧ್ವನಿಸುರುಳಿಗಳನ್ನು ನಾನು ಹಾಡಿಸಿದ ಬಗೆ

ತೀರ್ಥಹಳ್ಳಿಯ ಹಳೆಯ ಮನೆಯ ಅಟ್ಟದಿಂದ ಇಳಿಸಿದ 210ರಷ್ಟು ಕ್ಯಾಸೆಟ್ಟುಗಳಲ್ಲಿ 190ಕ್ಕೂ ಹೆಚ್ಚು ಈಗ ಹಾಡುತ್ತಿವೆ. ಬೂಷ್ಟು ಬಂದ ಟೇಪು ಮತ್ತೆ ಹಾಡುವುದಿಲ್ಲ, ಹಾಕಿದರೆ ಡೆಕ್ಕಿನಲ್ಲಿ, ಅಂದರೆ ಕ್ಯಾಸೆಟ್ಟು ಹಾಡಿಸುವ ಯಂತ್ರದಲ್ಲಿ, ಟೇಪನ್ನು ಓದುವ ಹೆಡ್ಡೂ ಹಾಳಾಗುತ್ತದೆ, ಎಸೆದುಬಿಡಿ ಎಂದು ಮೂವರು ಮೆಕ್ಯಾನಿಕ್ಕುಗಳು ಒಂದೇ ಬಾಯಲ್ಲಿ ಹೇಳಿದ್ದರು. ಆ ಹಾಡುಗಳೆಲ್ಲ ಮೊಬೈಲಿನಲ್ಲೇ ಸಿಗುವಾಗ ಇದೇನು ಹುಚ್ಚು ಎಂದು ನಮ್ಮ ಭಾವನವರು ಪ್ರತಿ ಹಬ್ಬಕ್ಕೂ ತಪ್ಪದೆ ಕೇಳುತ್ತಿದ್ದರು. ಮೆಕ್ಯಾನಿಕ್ಕುಗಳಿಗೂ ಭಾವನವರಿಗೂ ಉತ್ತರ ಕೊಡುವಷ್ಟು ಕೆಲಸ ಕಳೆದ ಮಳೆಗಾಲಕ್ಕೆ ಮುಗಿದಿದೆಯಾದ್ದರಿಂದ, ಇದೇ ಹವ್ಯಾಸದಲ್ಲಿ ಕೈ ಕಪ್ಪಗೆ ಮಾಡಿಕೊಂಡಿರುವ ಗೆಳೆಯರಿಗಾಗಿ ನನ್ನ ಅನುಭವವನ್ನು ಬರೆಯುತ್ತಿದ್ದೇನೆ. ಟೇಪನ್ನು ಒತ್ತಿ ಎಳೆಯುವ ಪಿಂಚ್ ರೋಲರ್ ಎಂದರೇನು, ಹೆಡ್ಡನ್ನು ಯಾವುದರಿಂದ ಒರೆಸಬೇಕು ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ.

ಈ ಹುಚ್ಚಿನ ಮೂಲದಲ್ಲಿರುವುದು ಎರಡೇ ಎರಡು ಧ್ವನಿಸುರುಳಿಗಳು. ಒಂದು ‘ನಿತ್ಯೋತ್ಸವ’. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ಸ್ವರ ಹಾಕಿದ, 1978ರಲ್ಲಿ ಹೊರಬಂದು ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎಂದು ಹೆಸರಾದದ್ದು ಅದು. ಅಪ್ಪಯ್ಯ ಅದನ್ನು ಆರೇಳು ವರ್ಷ ತಡವಾಗಿ, ಅಡಿಕೆ ಮಾರಿದ ದಿನ ಶಿವಮೊಗ್ಗದಿಂದ ತಂದಿದ್ದರು. ಅವರಿಗೆ ಆ ಕ್ಯಾಸೆಟ್ಟಿನ ಬಗ್ಗೆ ಇದ್ದ ಹೆಮ್ಮೆಯಲ್ಲಿ ಅರ್ಧದಷ್ಟು ಹಾಡುಗಳ ಕಾರಣಕ್ಕಾದರೆ, ಇನ್ನರ್ಧ, ಆ ಕವಿ ಸಹ್ಯಾದ್ರಿ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸಿದವರು, ಹಾಗಾಗಿ ನಮ್ಮವರು, ಎಂಬ ಕಾರಣಕ್ಕೆ. ಇನ್ನೊಂದು ಕೆ.ಎಸ್. ನರಸಿಂಹಸ್ವಾಮಿಯವರ ಕವಿತೆಗಳಿಗೆ ಸಿ. ಅಶ್ವಥ್ ರಾಗ ಹಾಕಿದ ‘ಮೈಸೂರು ಮಲ್ಲಿಗೆ’. ಅದು ಅಕ್ಕನದು. ಒಂದು ಹಾಡನ್ನು ಅವಳು ಎಷ್ಟು ಸಲ ಹಿಂದಕ್ಕೆ ಓಡಿಸಿ ಕೇಳಿದ್ದಳೆಂದರೆ, ಆ ಹಾಡು ಶುರುವಾಗುವ ಜಾಗದಲ್ಲಿ ಟೇಪು ಹಿಗ್ಗಿ, ಮೊದಲ ಸಾಲು ಸ್ವಲ್ಪ ಎಳೆದುಕೊಂಡು ಬರುತ್ತಿತ್ತು. ಮದುವೆಯಾಗಿ ಹೋಗುವಾಗ ಹಾಡಿನ ಸಾಹಿತ್ಯ ಅಚ್ಚಾಗಿದ್ದ ಮುಖಚೀಟಿಯನ್ನು ಡಬ್ಬಿಯ ಸಮೇತ ಒಯ್ದ ಅವಳು, ಕ್ಯಾಸೆಟ್ಟನ್ನು ರೇಡಿಯೋ ಮತ್ತು ಟೇಪ್ ರೆಕಾರ್ಡರ್ ಒಂದರಲ್ಲೇ ಇದ್ದ ಟೂ ಇನ್ ಒನ್ ಒಳಗೇ ಮರೆತು ಹೋಗಿದ್ದಳು.

ಮೊದಲು ದುಡ್ಡು ಕಳೆದುಕೊಂಡ ಕಥೆಯನ್ನು ಹೇಳಿಬಿಡುತ್ತೇನೆ. ಕಂಪ್ಯೂಟರಿಗೆ ನೇರವಾಗಿ ಸಿಕ್ಕಿಸುವ, ಅಂಗೈಯಗಲದ ಪ್ಲೇಯರೊಂದನ್ನು ಸುಮಾರು 1,400 ರೂಪಾಯಿ ಕೊಟ್ಟು ತರಿಸಿದ್ದೆ. ಅದರ ಮೋಟಾರಿನ ಗೊರಗೊರ ಸದ್ದೇ ಅನಂತಸ್ವಾಮಿಯವರ ಹಾರ್ಮೋನಿಯಂಗಿಂತ ಜೋರಾಗಿ ಕೇಳುತ್ತಿತ್ತು; ವೇಗವಂತೂ ಪ್ರತಿ ನಿಮಿಷಕ್ಕೂ ಬೇರೆ. ಆಮೇಲೆ ಬೆಂಗಳೂರಿನ ಅಂಗಡಿಯೊಂದಕ್ಕೆ ಒಂದಕ್ಕೆ 300 ರೂಪಾಯಿಯಂತೆ ಹತ್ತು ಕ್ಯಾಸೆಟ್ಟು ಕೊಟ್ಟೆ. ಒಂಬತ್ತು ಎಂಪಿತ್ರೀ ಫೈಲುಗಳಾಗಿ ಬಂದವು, ಹತ್ತನೆಯದು ಸುರುಳಿ ಬಿಚ್ಚಿ ಪ್ಲಾಸ್ಟಿಕ್ ಚೀಲದಲ್ಲಿ ಶ್ಯಾವಿಗೆಯಂತೆ ಬಂತು. ಬಂದ ಒಂಬತ್ತರಲ್ಲೂ ಹಾಡಿನ ನಡುವಿನ ಮೌನವನ್ನೆಲ್ಲ ಕತ್ತರಿಸಿ, ಸದ್ದು ತೆಗೆಯುವ ಸಾಫ್ಟ್‌ವೇರಿಗೆ ಹಾಕಿ, ದನಿಯನ್ನು ನೀರೊಳಗಿನಿಂದ ಬಂದಂತೆ ಮಾಡಿದ್ದರು. ಅಂದೇ ಈ ಕೆಲಸವನ್ನು ಇನ್ನೊಬ್ಬರ ಕೈಗೆ ಕೊಡಬಾರದೆಂದು ತೀರ್ಮಾನಿಸಿದೆ. ಕೊನೆಗೆ ಬೆಂಗಳೂರಿನ ಸಂಡೇ ಬಜಾರಿನಲ್ಲಿ ಮೂರು ಹೆಡ್ಡಿನ ಜಪಾನೀ ಡೆಕ್ಕೊಂದು 9,000ಕ್ಕೆ ಸಿಕ್ಕಿತು. ಬಿಚ್ಚಿ ನೋಡಿದರೆ ಬೆಲ್ಟುಗಳು ಕರಗಿ ಟಾರಿನಂತೆ ಅಂಟಿಕೊಂಡಿದ್ದವು. ಅದನ್ನು ಕೆರೆದು ತೆಗೆಯಲು ಎರಡು ಭಾನುವಾರಗಳು, ಹೊಸ ಬೆಲ್ಟು ಮತ್ತು ರೋಲರಿಗೆ 2,500ದಷ್ಟು ಹೋದವು. ಅಷ್ಟಾದ ಮೇಲೆ ಅದು ಇಂದಿನವರೆಗೂ ಒಂದೇ ಒಂದು ಟೇಪನ್ನು ನುಂಗಿಲ್ಲ.

ಇನ್ನು ಬೂಷ್ಟಿನ ವಿಷಯ. ಮಲೆನಾಡಿನ ಅಟ್ಟದಲ್ಲಿ ಇಪ್ಪತ್ತು ಮಳೆಗಾಲ ಕಳೆದ ಕ್ಯಾಸೆಟ್ಟಿನ ಗಾಜುಗಿಂಡಿಯಲ್ಲಿ ಇಣುಕಿದರೆ ಸುರುಳಿಯ ಅಂಚಿಗೆ ಅಕ್ಕಿಹಿಟ್ಟು ಉದುರಿಸಿದಂತೆ ಬಿಳಿಯ ಪುಡಿ ಕಾಣುವುದನ್ನು ನೀವೂ ಕಂಡಿರುತ್ತೀರಿ. ನನ್ನ ಮೊದಲ ಪ್ರಯೋಗ ಶುದ್ಧ ಪೆದ್ದುತನದ್ದು: ಅಮ್ಮ ಹಪ್ಪಳ ಒಣಗಿಸುತ್ತಿದ್ದ ಚಾಪೆಯ ತುದಿಯಲ್ಲಿ ಮೂರು ಕ್ಯಾಸೆಟ್ಟುಗಳನ್ನು ಬಿಸಿಲಿಗಿಟ್ಟೆ. ಹಪ್ಪಳ ಚೆನ್ನಾಗಿ ಒಣಗಿದವು. ಕ್ಯಾಸೆಟ್ಟಿನ ಕವಚಗಳು ಮಾತ್ರ ಹಪ್ಪಳಕ್ಕಿಂತ ಚೆನ್ನಾಗಿ ಸೊಟ್ಟಗಾದವು. ಆಮೇಲೆ ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ, ಹದಿನೈದರಿಂದ ಇಪ್ಪತ್ತು ದಿನ ಮುಚ್ಚಿಟ್ಟು, ತೇವವನ್ನು ನಿಧಾನವಾಗಿ ಎಳೆಯುವ ಕ್ರಮಕ್ಕೆ ಬಂದೆ. ಒಣಗಿದ ಬೂಷ್ಟು ಪುಡಿಯಾಗಿ ಉದುರುತ್ತದೆ, ಹಸಿ ಬೂಷ್ಟು ಟೇಪಿಗೆ ಬಳಿದುಕೊಳ್ಳುತ್ತದೆ. ಅವಸರ ಮಾಡಿದಾಗಲೆಲ್ಲ ನಾನು ಸೋತದ್ದು ಈ ಒಂದು ವ್ಯತ್ಯಾಸವನ್ನು ಮರೆತದ್ದರಿಂದಲೇ.

ಒಣಗಿದ ಮೇಲೆ ಕವಚ ಬಿಚ್ಚಬೇಕು. ಸ್ಕ್ರೂ ಇರುವ ಒಳ್ಳೆಯ ಕ್ಯಾಸೆಟ್ಟಾದರೆ ಎರಡು ನಿಮಿಷದ ಕೆಲಸ. ಆ ಕಾಲದ ಅಗ್ಗದ ಕ್ಯಾಸೆಟ್ಟುಗಳ ಎರಡು ಹೋಳುಗಳನ್ನು ಕರಗಿಸಿಯೇ ಕೂಡಿಸಿರುತ್ತಿದ್ದರಾದ್ದರಿಂದ ಅಂಚಿನುದ್ದಕ್ಕೂ ಬ್ಲೇಡು ಓಡಿಸಿ, ಸೀಳಿ ತೆಗೆಯದೆ ಗತ್ಯಂತರವಿಲ್ಲ. ಹಾಗೆ ಸೀಳಿದವುಗಳಿಗಾಗಿ ಸ್ಕ್ರೂ ಇರುವ ಖಾಲಿ ಕ್ಯಾಸೆಟ್ಟುಗಳನ್ನು ಒಂದಕ್ಕೆ ನಲವತ್ತು ಐವತ್ತು ರೂಪಾಯಿಯಂತೆ ನೂರರಷ್ಟು ಕೊಂಡು, ಒಳಗಿನ ಟೇಪನ್ನು ಬದಿಗಿಟ್ಟು, ಕವಚವನ್ನಷ್ಟೇ ಬಳಸಿದೆ. ಸುರುಳಿಯನ್ನು ಹೊಸ ಮನೆಗೆ ಸಾಗಿಸುವ ಮುನ್ನ, ನಾನೇ ಕಟ್ಟಿಕೊಂಡ ರಾಟೆಯಂಥ ಸಾಧನದಲ್ಲಿ ಎರಡು ಬಟ್ಟೆಗಳ ನಡುವೆ ಅದನ್ನು ಒಣದಾಗಿಯೇ ಎಳೆದು ಒರೆಸುತ್ತೇನೆ. ಬಾಗಿಲು ತೆರೆದಿಟ್ಟು, ಮೂಗಿಗೆ ಮಾಸ್ಕ್ ಕಟ್ಟಿ ಮಾಡಬೇಕಾದ ಕೆಲಸವಿದು. ಮೊದಲ ವಾರ ನಾನು ಕೆಮ್ಮಿದ್ದನ್ನು ಮನೆಯವರು ಇನ್ನೂ ಮರೆತಿಲ್ಲ. ಆ ಬಟ್ಟೆ ಯಾವುದು, ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ, ಉದುರಿದ ಪ್ರೆಶರ್ ಪ್ಯಾಡನ್ನು ಮತ್ತೆ ಅಂಟಿಸಲು ಯಾವ ಅಂಟು ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ನಲವತ್ತು ಟೇಪುಗಳನ್ನು ಪಣಕ್ಕಿಟ್ಟು ಕಂಡುಕೊಂಡದ್ದನ್ನು ಒಂದು ಸಾಲಿನಲ್ಲಿ ಕೊಟ್ಟುಬಿಡಲು ಮನಸ್ಸು ಒಪ್ಪುತ್ತಿಲ್ಲ.

ಎಲ್ಲರೂ ಎಡವುವುದು ಹೆಡ್ಡು ಟೇಪಿಗೆ ತಾಗುವ ಕೋನದಲ್ಲಿ. ಒಂದೊಂದು ಧ್ವನಿಸುರುಳಿ ಒಂದೊಂದು ಯಂತ್ರದಲ್ಲಿ ಮುದ್ರಣವಾದದ್ದು, ಒಂದೊಂದರ ಕೋನವೂ ಕೂದಲೆಳೆಯಷ್ಟು ಬೇರೆ. ಆದ್ದರಿಂದ ಎರಡೂ ಚಾನೆಲ್ಲುಗಳನ್ನು ಒಂದಾಗಿ ಬೆರೆಸಿ ಮಾನೋ ಮಾಡಿಕೊಂಡು, ಹೆಡ್ಡಿನ ಪಕ್ಕದ ಸ್ಕ್ರೂವನ್ನು ಪ್ರತಿ ಕ್ಯಾಸೆಟ್ಟಿಗೂ, ಪ್ರತಿ ಬದಿಗೂ ತಿರುಗಿಸಿ, ತಾಳದ ಝಣತ್ಕಾರ ಅತಿ ಸ್ಪಷ್ಟವಾಗುವಲ್ಲಿ ನಿಲ್ಲಿಸುತ್ತೇನೆ. ಸುಯ್ ಸದ್ದು ತಗ್ಗಿಸುವ ಡಾಲ್ಬಿ ಗುಂಡಿಯನ್ನು ಮುಟ್ಟುವುದೇ ಇಲ್ಲ. ಇದರಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಅಪ್ಪಯ್ಯ ರೇಡಿಯೋದಿಂದ ಮನೆಯಲ್ಲೇ ಮುದ್ರಿಸಿಕೊಂಡ ಮೂವತ್ತು ಚಿಲ್ಲರೆ ಕ್ಯಾಸೆಟ್ಟುಗಳು. ಕ್ರಮಬದ್ಧವಾಗಿ ಸರಿಪಡಿಸಿದ ಡೆಕ್ಕಿನಲ್ಲಿ ಅವೆಲ್ಲವೂ ಕಂಬಳಿ ಹೊದ್ದುಕೊಂಡು ಹಾಡಿದಂತೆ ಕೇಳುತ್ತಿದ್ದವು. ಟೇಪು ಸತ್ತಿದೆ ಎಂದೇ ತಿಂಗಳುಗಟ್ಟಲೆ ನಂಬಿದ್ದೆ. ನಮ್ಮ ಟೂ ಇನ್ ಒನ್ ಒಮ್ಮೆ ಮೇಜಿನಿಂದ ಬಿದ್ದಿತ್ತು, ಅದರ ಹೆಡ್ಡು ಅಂದಿನಿಂದಲೇ ಸೊಟ್ಟ, ಮುದ್ರಿಸಿದ್ದೂ ಸೊಟ್ಟವಾಗಿಯೇ ಎಂಬುದು ಹೊಳೆದದ್ದು ಬಹಳ ತಡವಾಗಿ. ಸ್ಕ್ರೂವನ್ನು ಮುಕ್ಕಾಲು ಸುತ್ತು ತಿರುಗಿಸಿ ನನ್ನ ಡೆಕ್ಕನ್ನೂ ಅಷ್ಟೇ ಸೊಟ್ಟಗೆ ಮಾಡಿದ ಕ್ಷಣ, ಕಂಬಳಿ ಸರಿದು, ದನಿ ಎದುರಿಗೆ ಬಂದು ಕುಳಿತಂತಾಯಿತು.

ವೇಗದ ಲೆಕ್ಕದಲ್ಲಿ ನಾನು ಮಾಡಿದ ಅಡ್ಡ ಪ್ರಯೋಗವೊಂದನ್ನು ಇಲ್ಲಿ ಹೇಳಲೇಬೇಕು. ಮನೆಯಲ್ಲಿ ಮುದ್ರಿಸಿದ ಟೇಪುಗಳ ತಳದಲ್ಲಿ ಕರೆಂಟಿನ ಗುಂಯ್ ಎಂಬ ಸದ್ದು ಇದ್ದೇ ಇರುತ್ತದೆ. ನಮ್ಮ ವಿದ್ಯುತ್ತು 50 ಹರ್ಟ್ಸಿನದು, ಅಂದರೆ ಸೆಕೆಂಡಿಗೆ 50 ಆವರ್ತನದ್ದು. ಆ ಗುಂಯ್ ಅನ್ನು ಅಳೆದು 50ಕ್ಕೆ ಸರಿಹೊಂದಿಸಿದರೆ ಹಾಡಿನ ವೇಗವೂ ತಾನಾಗಿ ಸರಿಹೋಗಬೇಕು ಎಂಬುದು ನನ್ನ ಜಾಣತನ. ಒಂದು ಟೇಪಿನಲ್ಲಿ ಅದು 48.5ರ ಸುಮಾರಿಗೆ ಇತ್ತು. ಶೇಕಡಾ ಮೂರರಷ್ಟು ವೇಗ ಹೆಚ್ಚಿಸಿದೆ. ಶ್ರುತಿ ಸುಮಾರು ಹಾರ್ಮೋನಿಯಂನ ಅರ್ಧ ಮನೆಯಷ್ಟು ಮೇಲೇರಿತು, ಹಾಡುವವರಿಗೆ ರೈಲು ತಪ್ಪುವ ಗಾಬರಿ ಬಂದಂತಾಯಿತು. ಅದೇ ಕ್ಯಾಸೆಟ್ಟಿನ ಇನ್ನೊಂದು ಬದಿಯಲ್ಲಿ, ಬೆಳಿಗ್ಗೆ ಮುದ್ರಿಸಿದ ಭಾಗದಲ್ಲಿ, ಗುಂಯ್ ಬೇರೆಯೇ ಅಂಕಿಯಲ್ಲಿತ್ತು. ತಪ್ಪು ಟೇಪಿನದಲ್ಲ, ಕರೆಂಟಿನದು ಎಂದು ಆಗ ಅರ್ಥವಾಯಿತು: ಎಂಬತ್ತರ ದಶಕದಲ್ಲಿ ಸಂಜೆಯ ಹೊತ್ತು ಎಲ್ಲರ ಮನೆಯ ದೀಪ ಹತ್ತಿಕೊಂಡಾಗ ವಿದ್ಯುತ್ ಜಾಲದ ಆವರ್ತನವೇ 50ಕ್ಕಿಂತ ಕೆಳಗೆ ಕುಸಿಯುತ್ತಿತ್ತು. ಟೂ ಇನ್ ಒನ್‌ನ ಮೋಟಾರು ಡಿಸಿಯದು, ಅದಕ್ಕೆ ಈ ಏರಿಳಿತದ ಗೊಡವೆಯಿಲ್ಲ. ಅಪ್ಪಯ್ಯ ಕ್ಯಾಸೆಟ್ಟು ಕೊಳ್ಳುವ ಮೊದಲೇ ‘ನಿತ್ಯೋತ್ಸವ’ದ ಹಾಡನ್ನು ಒಂದು ಸಂಜೆ ರೇಡಿಯೋದಿಂದ ಮುದ್ರಿಸಿಕೊಂಡಿದ್ದರು. ಜೋಗದ ಹೆಸರಿನಿಂದ ಶುರುವಾಗುವ ಆ ಹಾಡಿನ ಅಡಿಯಲ್ಲಿ ಶರಾವತಿಯ ಕರೆಂಟೇ ಸುಸ್ತಾಗಿ ಗುಂಯ್‌ಗುಡುತ್ತಿರುವುದನ್ನು ಪರದೆಯ ಮೇಲೆ ಕಂಡಾಗ, ಪ್ರಯೋಗ ಸೋತದ್ದಕ್ಕೆ ನನಗೆ ಬೇಸರವಾಗಲಿಲ್ಲ.

ಸರಿಯಾದ ಅಳತೆಗೋಲು ಸಿಕ್ಕಿದ್ದು ಭದ್ರಾವತಿ ಆಕಾಶವಾಣಿಯ ಬೆಳಗಿನ ಮುದ್ರಣಗಳಲ್ಲಿ. ಅಪ್ಪಯ್ಯ ನಿಲಯ ತೆರೆಯುವ ಮೊದಲೇ ಗುಂಡಿ ಒತ್ತಿ ಕಾಯುತ್ತಿದ್ದುದರಿಂದ, ತಂಬೂರಿಯ ಮೇಲೆ ಪಿಟೀಲು ಏಳುವ ಆ ಪರಿಚಿತ ಸಂಕೇತ ರಾಗ ನಾಲ್ಕೈದು ಟೇಪುಗಳ ಆರಂಭದಲ್ಲಿ ಸಿಕ್ಕಿತು. ಅದರ ಶುದ್ಧ ಪ್ರತಿ ಈಗ ಯಾರಿಗಾದರೂ ಸಿಗುತ್ತದೆ. ಎರಡರ ಶ್ರುತಿಯನ್ನು ಹೋಲಿಸಿ ಯಂತ್ರದ ವೇಗದ ದೋಷವನ್ನು ಲೆಕ್ಕ ಹಾಕಿದೆ. ನಮ್ಮ ಟೂ ಇನ್ ಒನ್ ಶೇಕಡಾ ಒಂದರಷ್ಟು ನಿಧಾನವಾಗಿ ಮುದ್ರಿಸುತ್ತಿತ್ತು, ಅಷ್ಟೇ. ಕರೆಂಟು ಹೋದಾಗ ಸೆಲ್ಲಿನ ಮೇಲೆ ಮುದ್ರಿಸಿದವು ಮಾತ್ರ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಸೆಲ್ಲು ಸೋತಂತೆ ಮೋಟಾರು ನಿಧಾನವಾಗಿ, ಈಗ ಹಾಕಿದರೆ ಹಾಡು ಕೊನೆಕೊನೆಗೆ ತಾನೇ ಚುರುಕಾಗುತ್ತ ಹೋಗುತ್ತದೆ. ಅವುಗಳನ್ನು ತಿದ್ದುವ ಗೋಜಿಗೆ ನಾನು ಹೋಗಲಿಲ್ಲ.

ಅಕ್ಕನ ‘ಮೈಸೂರು ಮಲ್ಲಿಗೆ’ಯನ್ನು ಮಾತ್ರ ಹದಿನೈದು ದಿನ ಕೂತು ತಿದ್ದಿದೆ. ಹಿಗ್ಗಿದ ಜಾಗದ ಎಳೆತವನ್ನು ಕ್ಷಣಕ್ಷಣಕ್ಕೂ ಶ್ರುತಿ ನೋಡಿ ನೇರಗೊಳಿಸಿದ್ದು, ನನ್ನ ಈ ಮೂರು ವರ್ಷದ ಕೆಲಸದಲ್ಲೇ ಕೈಚಳಕದ್ದು ಎಂದು ಹೇಳಿಕೊಳ್ಳಲು ಸಂಕೋಚವಿಲ್ಲ. ಫೈಲನ್ನು ಕಳುಹಿಸಿದ ಸಂಜೆ ಅವಳ ಫೋನು ಬಂತು. ಚೆನ್ನಾಗಿದೆ ಎಂದಳು, ಸ್ವಲ್ಪ ಹೊತ್ತು ಸುಮ್ಮನಿದ್ದಳು, ಆಮೇಲೆ, ‘ಅಲ್ಲಿ ಟೇಪು ಎಳೆಯುತ್ತಿತ್ತಲ್ಲೋ, ಅದೆಲ್ಲಿ ಹೋಯಿತು?’ ಎಂದು ಕೇಳಿದಳು. ಆ ಎಳೆತ ಕೇಳಿದರೆ ಹಿಂದಿನ ಕೋಣೆಯ ಕಿಟಕಿ, ಅಪ್ಪಯ್ಯ ಬಂದಾರೆಂಬ ಹೆದರಿಕೆ, ಪರೀಕ್ಷೆಯ ಪುಸ್ತಕ ಎಲ್ಲವೂ ನೆನಪಾಗುತ್ತದಂತೆ. ಅಂಗಡಿಯವರು ಮೌನವನ್ನು ಕತ್ತರಿಸಿದ್ದಕ್ಕೆ ಅಷ್ಟು ಕೋಪಿಸಿಕೊಂಡಿದ್ದ ನಾನು ಅದನ್ನೇ ಇನ್ನಷ್ಟು ನಾಜೂಕಾಗಿ ಮಾಡಿದ್ದೆ. ಪುಣ್ಯಕ್ಕೆ ತಿದ್ದದ ಮೊದಲ ಪ್ರತಿಯನ್ನು ಅಳಿಸಿರಲಿಲ್ಲ.

ಅಂದಿನಿಂದ ಎರಡು ಪ್ರತಿಗಳ ಕ್ರಮವನ್ನು ಬಿಟ್ಟಿಲ್ಲ: ಟೇಪು ಹೇಗೆ ಹಾಡಿತೋ ಹಾಗೆ, ಒಂದು ಬದಿಯ ಆರಂಭದ ಸುಯ್ ಸದ್ದಿನಿಂದ ಕೊನೆಯಲ್ಲಿ ಗುಂಡಿ ಟಕ್ಕೆಂದು ಮೇಲೇಳುವವರೆಗೆ ಒಂದೇ ಫೈಲು, ಬೇಕೆನಿಸಿದರೆ ಮಾತ್ರ ತಿದ್ದಿದ ಇನ್ನೊಂದು. 24 ಬಿಟ್, 48 ಕಿಲೋಹರ್ಟ್ಸಿನ ಗುಣಮಟ್ಟದಲ್ಲಿ ಗಂಟೆಗೆ ಒಂದು ಜಿಬಿಯಷ್ಟು ಜಾಗ ಹಿಡಿಯುತ್ತದೆ, ಗುಣ ಕೆಡದಂತೆ ಫೈಲನ್ನು ಕಿರಿದಾಗಿಸುವ ಫ್ಲ್ಯಾಕ್ ಮಾಡಿದರೆ ಅದರ ಅರ್ಧದ ಆಸುಪಾಸು. 96 ಕಿಲೋಹರ್ಟ್ಸಿನಲ್ಲಿಯೂ ಕೆಲವನ್ನು ಮಾಡಿ ನೋಡಿದೆ. ಅಗ್ಗದ ಕ್ಯಾಸೆಟ್ಟಿನ ಸುಯ್ ಸದ್ದನ್ನು ಅಷ್ಟು ಶ್ರೀಮಂತವಾಗಿ ಕಾಪಿಡುವ ಅಗತ್ಯ ನನಗೆ ಕಾಣಲಿಲ್ಲ. ಡಿಸ್ಕುಗಳನ್ನೂ ಸೇರಿಸಿ ಇದುವರೆಗೆ ಒಟ್ಟು 31,000 ರೂಪಾಯಿ ಆಗಿರಬಹುದು. ಭಾವನವರಿಗೆ 18,000 ಎಂದು ಹೇಳಿದ್ದೇನೆ.

ಬಿಸಿಲಿಗೆ ಸೊಟ್ಟಗಾದವೂ ಸೇರಿ ಹದಿನಾಲ್ಕು ಟೇಪುಗಳು ಪೂರ್ತಿ ಹೋದವು. ಉಳಿದಿರುವುದು ಭೀಮಸೇನ ಜೋಶಿಯವರ ದಾಸವಾಣಿಯದೊಂದು. ಅಮ್ಮ ಪ್ರತಿ ಶುಕ್ರವಾರ ದೀಪ ಹಚ್ಚುವ ಹೊತ್ತಿಗೆ ಹಾಕುತ್ತಿದ್ದ ಕ್ಯಾಸೆಟ್ಟು ಅದು. ನಾಲ್ಕು ಕಡೆ ಹರಿದಿದೆ, ಒಂದು ಕಡೆ ಯಾರೋ, ಬಹುಶಃ ನಾನೇ, ಸೆಲ್ಲೋಟೇಪು ಹಚ್ಚಿ ಅದರ ಅಂಟು ಪಕ್ಕದ ಸುತ್ತುಗಳಿಗೂ ಇಳಿದಿದೆ. ಮಳೆಗಾಲದಲ್ಲಿ ಅದನ್ನು ಬಿಚ್ಚುವ ಧೈರ್ಯವಿಲ್ಲದೆ ಸಿಲಿಕಾ ಜೆಲ್ಲಿನ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದೇನೆ. ದೀಪಾವಳಿಗೆ ಅಕ್ಕ ಬರುವಾಗ ಆ ಮುಖಚೀಟಿಯನ್ನು ತರುತ್ತಾಳಂತೆ, ಕೊಡುವುದಕ್ಕಲ್ಲ, ಫೋಟೋ ತೆಗೆದುಕೊಳ್ಳುವುದಕ್ಕೆ ಮಾತ್ರ.