ಹನ್ನೊಂದು ಅಡಿಯ ಕೋಣೆಯಲ್ಲಿ ಎಡಕುಮೇರಿ ಘಟ್ಟ

ಎಡಕುಮೇರಿ ಘಟ್ಟದ ರೈಲು ದಾರಿಯ ಪುಟ್ಟ ಮಾದರಿಯನ್ನು ಮನೆಯಲ್ಲೇ ಕಟ್ಟಬೇಕೆಂಬುದು ನನ್ನ ಆಸೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಈ ದಾರಿ ಸುಮಾರು 55 ಕಿಲೋಮೀಟರ್. ಅಷ್ಟರಲ್ಲೇ 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ, 50ಕ್ಕೆ 1ರ ಏರು. ಮಾದರಿ ರೈಲುಗಳ 1:87ರ ಎಚ್‌ಒ ಅಳತೆಗೆ ಇಳಿಸಿದರೂ ಈ ದಾರಿ 630 ಮೀಟರ್ ದಾಟುತ್ತದೆ. ನನ್ನ ಹತ್ತಿರ ಇದ್ದದ್ದು ಮಂಗಳೂರಿನ ಮನೆಯ ಮಹಡಿಯಲ್ಲಿ ಹನ್ನೊಂದು ಅಡಿಯ ಒಂದು ಕೋಣೆ. ಹಾಗಾಗಿ ಯಾವುದನ್ನು ಬಿಡಬೇಕು ಎಂಬ ಲೆಕ್ಕದಿಂದಲೇ ಕೆಲಸ ಶುರು.

ಆ ಲೆಕ್ಕಕ್ಕೆ ದಾರಿ ತೋರಿಸಿದ್ದು ಕಿವಿ. ಘಟ್ಟದಲ್ಲಿ ರೈಲು ಕಣ್ಣಿಗೆ ಬೀಳುವುದು ಕೊನೆಗೆ. ಮೊದಲು ಎಲ್ಲೋ ದೂರದಲ್ಲಿ ಆಲ್ಕೋ ಎಂಬ ಅಮೆರಿಕದ ಕಂಪನಿಯ ವಿನ್ಯಾಸದ ಡೀಸೆಲ್ ಎಂಜಿನ್ನಿನ ಗುಡುಗುಡು, ಆಮೇಲೆ ಸುರಂಗಕ್ಕೆ ಹೊಕ್ಕಾಗ ಅದು ಮಾಯ, ಮತ್ತೆ ಇನ್ನೊಂದು ದಿಕ್ಕಿನಿಂದ ಸೀಟಿ, ಆಮೇಲಷ್ಟೇ ಸೇತುವೆಯ ಮೇಲೆ ರೈಲು. ನೋಡಲು ಸಿಗುವ ದಾರಿ ನಾಲ್ಕು ಮೀಟರ್ ಆದರೂ ಸಾಕು, ಉಳಿದದ್ದನ್ನು ಸುರಂಗ ಮತ್ತು ಸದ್ದು ನೋಡಿಕೊಳ್ಳುತ್ತವೆ ಎಂದು ತೀರ್ಮಾನಿಸಿದೆ. ಮಾದರಿ ರೈಲು ಕಟ್ಟುವ ಹಲವರು ಸದ್ದನ್ನು ಕೊನೆಗೆ ಸೇರಿಸುವ ಅಲಂಕಾರ ಎಂದು ತಿಳಿಯುತ್ತಾರೆ. ನಾನು ಹಳಿಯ ನಕ್ಷೆ ಬರೆಯುವಾಗಲೇ ಎಲ್ಲಿ ಏನು ಕೇಳಬೇಕು ಎಂದು ಗುರುತು ಹಾಕಿಕೊಂಡೆ.

ನಕ್ಷೆ ಸರಳ. ಎರಡು ಗೋಡೆಗೆ ತಾಗಿಕೊಂಡ ಎಲ್ ಆಕಾರದ ಮೇಜು. ಅದರ ಮೇಲೆ ಹಿಗ್ಗಿಸಿದ ಒಂದೇ ಸುತ್ತು. ಮುಂದಿನ ಅರ್ಧ ಕಣ್ಣಿಗೆ ಕಾಣುವ ಘಟ್ಟ. ಹಿಂದಿನ ಅರ್ಧ ಗುಡ್ಡದ ಹೊಟ್ಟೆಯೊಳಗೆ, ಎರಡು ರೈಲು ಕಾದು ನಿಲ್ಲುವಷ್ಟು ಜೋಡಿ ಹಳಿಯೊಂದಿಗೆ. ಮುಂದೆ ಮೂರೂವರೆ ಮೀಟರಿನಲ್ಲಿ ಏಳು ಸೆಂಟಿಮೀಟರ್ ಏರು, ಅಂದರೆ ನಿಜದ ಘಟ್ಟದಷ್ಟೇ, 50ಕ್ಕೆ 1. ಹಿಂದೆ ಕತ್ತಲಲ್ಲಿ ಅದೇ ಏಳು ಸೆಂಟಿಮೀಟರ್ ಇಳಿತ. ತಿರುವಿನ ವಿಷಯದಲ್ಲಿ ಮಾತ್ರ ರಾಜಿ. ಭಾರತೀಯ ರೈಲ್ವೆಯ ಬ್ರಾಡ್‌ಗೇಜಿನಲ್ಲಿ ಅತಿ ಬಿಗಿ ಎಂದರೆ 10 ಡಿಗ್ರಿ ತಿರುವು, 175 ಮೀಟರ್ ತ್ರಿಜ್ಯ. ಅದನ್ನು 87ರಿಂದ ಭಾಗಿಸಿದರೆ ಎರಡು ಮೀಟರ್. ನನ್ನ ಕೋಣೆ ಕೊಟ್ಟದ್ದು 24 ಇಂಚು. ಬಿಗಿ ತಿರುವುಗಳನ್ನೆಲ್ಲ ಸುರಂಗದೊಳಗೆ ಹಾಕಿ, ಕಾಣುವ ಕಡೆ ಹಳಿಯನ್ನು ಸಡಿಲವಾಗಿ ಬಳುಕಿಸಿದೆ.

ಇನ್ನೊಂದು ರಾಜಿ ಹಳಿಯ ಅಗಲದ್ದು. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್, ಈ ಅಳತೆಯಲ್ಲಿ ಅದು 19.3 ಆಗಬೇಕು. ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿ 16.5 ಮಿಲಿಮೀಟರ್, ಯುರೋಪ್ ಅಮೆರಿಕದ 1435ರ ಗೇಜಿಗೆ ಮಾಡಿದ್ದು. ಹಠ ಹಿಡಿದು ಹಳಿಯನ್ನು ಕೈಯಲ್ಲೇ ಕಟ್ಟುವವರೂ ಇದ್ದಾರೆ, ಅವರಿಗೆ ನಮಸ್ಕಾರ. ಪಕ್ಕದಿಂದ ನೋಡುವಾಗ ಈ ವ್ಯತ್ಯಾಸ ಯಾರಿಗೂ ಕಾಣದು. ಆ ತಾಳ್ಮೆಯನ್ನು ನಾನು ಬೇರೆ ಕಡೆ ಖರ್ಚು ಮಾಡಿದೆ.

ಮೇಜಿಗೆ ಐಎಸ್ 710 ಗುರುತಿನ ಮರೈನ್ ಪ್ಲೈವುಡ್ಡನ್ನೇ ಹಾಕಿಸಿದೆ. ಕರಾವಳಿಯ ಮಳೆಗಾಲ ಮತ್ತು ಗೆದ್ದಲು ಎರಡನ್ನೂ ಕಂಡವರು ಇದಕ್ಕೆ ಕಾರಣ ಕೇಳುವುದಿಲ್ಲ. ಚೌಕಟ್ಟು ಅಲ್ಯೂಮಿನಿಯಂ ಪೈಪಿನದು. ಅಳತೆ ತೆಗೆದುಕೊಳ್ಳಲು ಬಂದ ಬಡಗಿ, "ಇದರ ಮೇಲೆ ಎಂತ ಇಡ್ಲಿಕ್ಕೆ ಸರ್?" ಎಂದರು. ರೈಲು ಎಂದೆ. ಅವರು ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು, "ಹಾಗಾದ್ರೆ ಕಾಲು ಆರು ಇರ್ಲಿ" ಎಂದು ತಾವೇ ಎರಡು ಕಾಲು ಹೆಚ್ಚು ಕೊಟ್ಟರು.

ವಯರಿಂಗಿನ ಬಗ್ಗೆ ಒಂದೇ ಮಾತು: ಹಳಿಯ ಜೋಡಣೆಯ ತಗಡುಗಳು ಕರೆಂಟು ಒಯ್ಯುತ್ತವೆ ಎಂದು ನಂಬಬೇಡಿ. ಮೇಜಿನ ಕೆಳಗೆ 2.5 ಚದರ ಮಿಲಿಮೀಟರಿನ ಮನೆ ವಯರಿನ ಜೋಡಿಯನ್ನು ಉದ್ದಕ್ಕೆ ಎಳೆದು, ಪ್ರತಿ ಮೀಟರಿಗೆ ಒಮ್ಮೆ ತೆಳು ವಯರಿನಿಂದ ಹಳಿಗೆ ಬೆಸುಗೆ ಹಾಕಿದ್ದೇನೆ. ಆಮೇಲೆ ನಾಣ್ಯದ ಪರೀಕ್ಷೆ. ಎರಡು ಹಳಿಗೆ ಅಡ್ಡಲಾಗಿ ನಾಣ್ಯ ಇಟ್ಟರೆ ಎಲ್ಲೇ ಆದರೂ ಸಿಸ್ಟಮ್ ಆ ಕ್ಷಣವೇ ಟ್ರಿಪ್ ಆಗಬೇಕು. ಒಂದು ಜಾಗದಲ್ಲಿ ಆಗದಿದ್ದರೂ ಅಲ್ಲಿ ಮುಂದೆಂದೋ ಒಂದು ಬೋಗಿ ಹಳಿ ತಪ್ಪಿದಾಗ ವಯರು ಬಿಸಿಯಾಗುತ್ತದೆ, ಚಕ್ರ ಕರಗುತ್ತದೆ.

ರೈಲು ಓಡಿಸುವ ಪದ್ಧತಿ ಡಿಸಿಸಿ, ಅಂದರೆ ಡಿಜಿಟಲ್ ಕಮಾಂಡ್ ಕಂಟ್ರೋಲ್. ಹಳೆಯ ಪದ್ಧತಿಯಲ್ಲಿ ಹಳಿಯ ವೋಲ್ಟೇಜ್ ಏರಿಸಿದರೆ ಅದರ ಮೇಲಿರುವ ಎಂಜಿನ್ನುಗಳೆಲ್ಲ ಒಟ್ಟಿಗೆ ಓಡುತ್ತವೆ. ಡಿಸಿಸಿಯಲ್ಲಿ ಹಳಿಗೆ ಸದಾ ಪೂರ್ತಿ ವೋಲ್ಟೇಜ್ ಇರುತ್ತದೆ. ಆದೇಶಗಳು ಅದೇ ಹಳಿಯಲ್ಲಿ ಸಂಕೇತವಾಗಿ ಹರಿಯುತ್ತವೆ. ಪ್ರತಿ ಎಂಜಿನ್ನಿನ ಒಳಗೊಂದು ಡಿಕೋಡರ್, ಅದಕ್ಕೊಂದು ವಿಳಾಸ. ತನ್ನ ವಿಳಾಸಕ್ಕೆ ಬಂದ ಆದೇಶವನ್ನು ಮಾತ್ರ ಅದು ಪಾಲಿಸುತ್ತದೆ. ಸಿದ್ಧ ಕಂಟ್ರೋಲರುಗಳು ದುಬಾರಿ. ನಾನು ಬಳಸುವುದು ಡಿಸಿಸಿ-ಇಎಕ್ಸ್ ಎಂಬ ಮುಕ್ತ ತಂತ್ರಾಂಶ. ಆರ್ಡುಯಿನೋ ಮೆಗಾ ಎಂಬ ಸಣ್ಣ ಕಂಪ್ಯೂಟರ್ ಹಲಗೆ, ಹಳಿಗೆ ಕರೆಂಟು ಕೊಡುವ ಒಂದು ಮೋಟಾರ್ ಶೀಲ್ಡ್, ಒಂದು ವೈಫೈ ಚಿಪ್, ಲ್ಯಾಪ್‌ಟಾಪಿನಂಥ ಒಂದು ಅಡಾಪ್ಟರ್, ಅಷ್ಟೇ. ಮೊಬೈಲಿನ ಎಂಜಿನ್ ಡ್ರೈವರ್ ಆ್ಯಪೇ ಥ್ರಾಟಲ್, ಅಂದರೆ ವೇಗದ ಹಿಡಿ. ಸದ್ದಿರುವ ಎಂಜಿನ್ನು ಎರಡೋ ಮೂರೋ ಓಡಿಸುವವರಿಗೆ ಇದು ಧಾರಾಳ.

ಯಾವ ಕಾಲದ ಘಟ್ಟ ಎಂಬುದನ್ನೂ ನಿರ್ಧರಿಸಬೇಕಿತ್ತು. 1979ರಲ್ಲಿ ಮೀಟರ್‌ಗೇಜಾಗಿ ಶುರುವಾದ ದಾರಿ ಇದು. ಗೇಜ್ ಬದಲಾವಣೆಯ ನಂತರ 2006ರಲ್ಲಿ ಗೂಡ್ಸ್, 2007ರ ಡಿಸೆಂಬರಿನಲ್ಲಿ ಪ್ರಯಾಣಿಕರ ರೈಲು ಮತ್ತೆ ಓಡಿದವು. ಈಗ ಅಲ್ಲಿ ವಿದ್ಯುತ್ ಕಂಬಗಳು ಎದ್ದಿವೆ. ನಾನು 2010ರ ಸುಮಾರಿಗೆ ನಿಂತುಬಿಟ್ಟೆ: ಡೀಸೆಲ್, ಚೆನ್ನೈನ ಐಸಿಎಫ್ ಕಾರ್ಖಾನೆಯ ನೀಲಿ ಬೋಗಿ, ಕಂಬವಿಲ್ಲ.

ಎಂಜಿನ್ ಡಬ್ಲ್ಯೂಡಿಎಂ-3ಎ. 16 ಸಿಲಿಂಡರಿನ ಆಲ್ಕೋ 251 ಡೀಸೆಲ್, 3100 ಅಶ್ವಶಕ್ತಿ. ಒಳಗಿನ ಚಾಸಿ ಅಮೆರಿಕದ ಆರು ಆಕ್ಸಲಿನ ಆಲ್ಕೋ ಮಾದರಿಯದು. ಮೇಲಿನ ಕವಚ ಥ್ರೀಡಿ ಪ್ರಿಂಟ್, ಸುಮಾರು 20 ಸೆಂಟಿಮೀಟರ್ ಉದ್ದ. ಅಮೆರಿಕದ ಚಾಸಿ ಹೊಂದಿಕೊಳ್ಳುವುದು ಆಕಸ್ಮಿಕವಲ್ಲ. ವಾರಾಣಸಿಯಲ್ಲಿ 1964ರಿಂದ ತಯಾರಾದ ಈ ವಂಶದ ಮೂಲ ವಿನ್ಯಾಸವೇ ಆಲ್ಕೋದ್ದು. ಅಮೆರಿಕದ ಆಲ್ಕೋಗಾಗಿ ಮಾಡಿದ ಸದ್ದಿನ ಫೈಲು ನಮ್ಮ ಎಂಜಿನ್ನಿಗೂ ಒಪ್ಪುವುದು ಇದರಿಂದಲೇ. ಜರ್ಮನಿಯ ಇಎಸ್‌ಯು ಕಂಪನಿಯ ಲೋಕ್‌ಸೌಂಡ್ 5 ಡಿಕೋಡರಿಗೆ ಆಲ್ಕೋ 251ರ ಸದ್ದು ತುಂಬಿಸಿಕೊಂಡೆ. ಹಾರ್ನ್ ಮಾತ್ರ ನಡೆಯದು. ಅಮೆರಿಕದ ಹಾರ್ನ್ ಹಲವು ಸ್ವರ ಕೂಡಿದ ಗಾನ, ನಮ್ಮದು ಅದಲ್ಲ. ಸುಬ್ರಹ್ಮಣ್ಯ ರೋಡಿನ ಪ್ಲಾಟ್‌ಫಾರ್ಮಿನಲ್ಲಿ ನಿಂತು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಹಿಂದಿನ ಗದ್ದಲ ಕತ್ತರಿಸಿ, ಡಿಕೋಡರಿಗೆ ಹಾಕಿದೆ. ಅಮೆರಿಕದ ರೂಢಿಯಂತೆ ಎಫ್1 ಗುಂಡಿ ಎಂಜಿನ್ನಿನ ಗಂಟೆಗೆ ಮೀಸಲು. ನಮ್ಮ ಎಂಜಿನ್ನುಗಳಿಗೆ ಗಂಟೆಯೇ ಇಲ್ಲ, ಅದನ್ನು ಬ್ರೇಕಿಗೆ ಕೊಟ್ಟೆ. (ಹಳಿಯ ಮೇಲೆ ನಡೆದುಹೋಗಿ ಸುರಂಗದ ಬಾಯಲ್ಲಿ ರೆಕಾರ್ಡ್ ಮಾಡುವ ಆಸೆ ಯಾರಿಗಾದರೂ ಇದ್ದರೆ ಬಿಟ್ಟುಬಿಡಿ. ಅಲ್ಲಿ ಚಾರಣಕ್ಕೆ ನಿಷೇಧವಿದೆ. ನಿಷೇಧ ಇಲ್ಲದಿದ್ದರೂ ಆ ಸುರಂಗಗಳಲ್ಲಿ ಪಕ್ಕಕ್ಕೆ ಸರಿಯಲು ಜಾಗ ಕಡಿಮೆ.)

ಡಿಕೋಡರ್ ಹಾಕಿದ ಮಾತ್ರಕ್ಕೆ ಘಟ್ಟದ ಸದ್ದು ಬರುವುದಿಲ್ಲ. ಕೊಂಡ ಹಾಗೇ ಓಡಿಸಿದರೆ ವೇಗ ಏರಿದಂತೆ ಸದ್ದೂ ಏರುತ್ತದೆ, ಬಯಲು ಸೀಮೆಯ ರೈಲಿನ ಹಾಗೆ. ಘಟ್ಟದಲ್ಲಿ ಇದು ತಿರುಗುಮುರುಗು. ಎಂಜಿನ್ ಎಂಟನೇ ನಾಚಿನಲ್ಲಿ, ಅಂದರೆ ಥ್ರಾಟಲಿನ ಕೊನೆಯ ಮೆಟ್ಟಿಲಿನಲ್ಲಿ, ಪೂರ್ತಿ ಶಕ್ತಿಯಿಂದ ಅಬ್ಬರಿಸುತ್ತಿರುತ್ತದೆ. ರೈಲು ಮಾತ್ರ ಗಂಟೆಗೆ 30 ಕಿಲೋಮೀಟರಿನಲ್ಲಿ ತೆವಳುತ್ತಿರುತ್ತದೆ. ಇಳಿಯುವಾಗ ಎಂಜಿನ್ ಬಹುಪಾಲು ಸುಮ್ಮನಿದ್ದು, ಮೋಟಾರುಗಳನ್ನೇ ಜನರೇಟರ್ ಮಾಡಿ ವೇಗ ತಡೆಯುವ ಡೈನಮಿಕ್ ಬ್ರೇಕಿನ ಫ್ಯಾನು ಮಾತ್ರ ಊಳಿಡುತ್ತದೆ. ವೇಗದಿಂದ ಸದ್ದನ್ನು ಬೇರ್ಪಡಿಸಲು ಲೋಕ್‌ಸೌಂಡಿನಲ್ಲಿ ಡ್ರೈವ್ ಹೋಲ್ಡ್ ಎಂಬ ಗುಂಡಿಯಿದೆ. ಅದನ್ನು ಒತ್ತಿದರೆ ರೈಲು ಇದ್ದ ವೇಗದಲ್ಲೇ ಸಾಗುತ್ತದೆ, ಥ್ರಾಟಲ್ ಎಂಜಿನ್ನಿನ ಸದ್ದನ್ನು ಮಾತ್ರ ಏರಿಸಿ ಇಳಿಸುತ್ತದೆ. ಏರು ಶುರುವಾಗುವಲ್ಲಿ ಹೋಲ್ಡ್ ಒತ್ತಿ ನಾಚ್ ಏರಿಸುತ್ತಾ ಹೋಗುವುದು ಒಂದು ಕೈಚಳಕ. ಆಲ್ಕೋಗೆ ಅವಸರವಿಲ್ಲ, ಟರ್ಬೋ ನಿಧಾನಕ್ಕೆ ಉಸಿರು ತುಂಬಿಕೊಳ್ಳುತ್ತದೆ. ಒಂದು ನಾಚ್ ಏರಿಸಿ, ಕೇಳಿ, ಆಮೇಲೆ ಇನ್ನೊಂದು.

ವೇಗದ ಮಿತಿಯನ್ನೂ ಡಿಕೋಡರಿನಲ್ಲೇ ಕಟ್ಟಿದ್ದೇನೆ. ಗಂಟೆಗೆ 30 ಕಿಲೋಮೀಟರ್ ಎಂದರೆ ಈ ಅಳತೆಯಲ್ಲಿ ಸೆಕೆಂಡಿಗೆ ಒಂಬತ್ತೂವರೆ ಸೆಂಟಿಮೀಟರ್. ಒಂದು ಮೀಟರ್ ದಾಟಲು ಹತ್ತು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ಸ್ಟಾಪ್‌ವಾಚ್ ಹಿಡಿದು, ಗರಿಷ್ಠ ವೇಗವನ್ನು ಹೇಳುವ ಸಿವಿ 5ನ್ನು (ಸಿವಿ ಎಂದರೆ ಡಿಕೋಡರಿನೊಳಗಿನ ನಂಬರು ಹಾಕಿದ ಸೆಟ್ಟಿಂಗ್) ಇಳಿಸುತ್ತಾ ಬಂದರೆ ಸರಿಯಾದ ಜಾಗ ಸಿಗುತ್ತದೆ. ಸಿವಿ 3 ಮತ್ತು 4ನ್ನು, ಅಂದರೆ ವೇಗ ಏರುವ ಇಳಿಯುವ ನಿಧಾನವನ್ನು, ಧಾರಾಳವಾಗಿ ಏರಿಸಿ. ಭಾರದ ರೈಲು ಎಂಬ ಭಾವ ಹುಟ್ಟುವುದು ಅಲ್ಲಿ. ಹೊಸಬರು ಮಾಡುವ ಇನ್ನೊಂದು ಕೆಲಸ ವಾಲ್ಯೂಮ್ ಪೂರ್ತಿ ಇಡುವುದು. ಸಕ್ಕರೆ ಅಚ್ಚಿನಷ್ಟು ಸ್ಪೀಕರಿನಲ್ಲಿ ಆಳದ ಸ್ವರ ಬರುವುದಿಲ್ಲ, ವಾಲ್ಯೂಮ್ ಏರಿಸಿದರೆ ಕಿರುಚಾಟ ಮಾತ್ರ ಹೆಚ್ಚುತ್ತದೆ. ವಾಲ್ಯೂಮಿನ ಸಿವಿ 63ನ್ನು ಅರ್ಧಕ್ಕಿಂತ ಕೆಳಗೆ ಇಳಿಸಿ, ಸ್ಪೀಕರಿನ ಹಿಂದಿನ ಡಬ್ಬಿಯನ್ನು ಗಾಳಿ ಆಡದಂತೆ ಅಂಟಿನಿಂದ ಮುಚ್ಚಿ. ಸದ್ದು ದಪ್ಪವಾಗುತ್ತದೆ.

ಸುರಂಗದ ಕೆಲಸ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಪ್ರತಿ ಬಾಯಿಯ ಒಳಗೆ ಹಳಿಯ ಪಕ್ಕ ಒಂದು ಇನ್‌ಫ್ರಾರೆಡ್ ಸೆನ್ಸರ್ ಇದೆ. ಎಂಜಿನ್ ಒಳಹೊಕ್ಕ ಕೂಡಲೇ ಡಿಸಿಸಿ-ಇಎಕ್ಸಿನ ಸ್ಕ್ರಿಪ್ಟ್ ಫೇಡರ್ ಗುಂಡಿಯನ್ನು ತಾನೇ ಒತ್ತುತ್ತದೆ, ಸದ್ದು ಐದನೇ ಒಂದು ಪಾಲಿಗೆ ಕುಗ್ಗುತ್ತದೆ. ಗುಡ್ಡದ ಹೊಟ್ಟೆಯಲ್ಲಿ ರೈಲು ಸುತ್ತು ಬರುವಷ್ಟು ಹೊತ್ತು ಗೋಡೆಯಾಚೆಗಿನ ಗುಡುಗುಡು ಮಾತ್ರ. ಹೊರಬರುವ ಬಾಯಿಗೆ ಒಂದಡಿ ಮೊದಲು ಉದ್ದನೆಯ ಸೀಟಿ, ಆಮೇಲೆ ಪೂರ್ತಿ ಸದ್ದು. ಬಂದವರು ಮೊದಲ ಸುರಂಗದ ಕಡೆ ನೋಡುತ್ತಿರುವಾಗ ಬೆನ್ನ ಹಿಂದಿನಿಂದ ರೈಲು ಬರುತ್ತದೆ. ನಾಲ್ಕು ಮೀಟರಿನ ದಾರಿ ಎಂಬುದು ಆಗ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಕಾಡಿನ ಸದ್ದಿಗೆ ಡಿಎಫ್‌ಪ್ಲೇಯರ್ ಮಿನಿ ಎಂಬ ಸಣ್ಣ ಹಲಗೆ ಸಾಕು. ಮೆಮೊರಿ ಕಾರ್ಡಿನಿಂದ ಹಾಡು ನುಡಿಸುತ್ತದೆ, ಮೂರು ವ್ಯಾಟಿನ ಸ್ಪೀಕರನ್ನು ಮೇಜಿನ ಅಡಿಗೆ ಕಟ್ಟಿದ್ದೇನೆ. ಜೀರುಂಡೆಯ ಸ್ವರ ತೀರ ಮೇಲಿನದು, ಎಂಜಿನ್ನಿನದು ಕೆಳಗಿನದು. ಎರಡೂ ಜಗಳವಿಲ್ಲದೆ ಇರುತ್ತವೆ. ಜೋರು ಮಳೆ ಹಾಗಲ್ಲ, ಅದು ಎಲ್ಲ ಸ್ವರಗಳನ್ನೂ ತುಂಬಿಕೊಂಡು ಆಲ್ಕೋವನ್ನು ನುಂಗಿಬಿಡುತ್ತದೆ. ಅದಕ್ಕೇ ನನ್ನ ಘಟ್ಟದಲ್ಲಿ ಯಾವಾಗಲೂ ಮಳೆ ಈಗಷ್ಟೇ ನಿಂತಿರುತ್ತದೆ: ಹನಿ ತೊಟ್ಟಿಕ್ಕುವ ಸದ್ದು, ಕೆಳಗೆ ಹಳ್ಳ.

ನೋಟವೂ ಈ ತೀರ್ಮಾನದ ಹಿಂದೆಯೇ ಬಂತು. ಬಂಡೆಗಳಿಗೆ ಮಾಳಿಗೆಯ ಶಾಖ ತಡೆಗೆ ಹಾಕುವ ಗಟ್ಟಿ ಫೋಮ್ ಹಾಳೆ ಕೆತ್ತಿ, ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸಿನಲ್ಲಿ ಅದ್ದಿದ ಬ್ಯಾಂಡೇಜ್ ಬಟ್ಟೆ. ಮೊದಲು ಕಪ್ಪು, ಆಮೇಲೆ ಬೂದಿ, ಬಿರುಕುಗಳಲ್ಲಿ ಪಾಚಿಯ ಹಸಿರು, ಕೊನೆಗೆ ನೀರು ಜಿನುಗುವಲ್ಲಿ ಮಾತ್ರ ಹೊಳಪಿನ ವಾರ್ನಿಶ್. ಸುರಂಗದ ಬಾಯಿ, ತಡೆಗೋಡೆ, ಸೇತುವೆಯ ಗರ್ಡರುಗಳೆಲ್ಲ ಸನ್‌ಬೋರ್ಡ್ ಎಂಬ ಹಗುರ ಪ್ಲಾಸ್ಟಿಕ್ ಫೋಮ್ ಹಾಳೆ. ಹಳಿಯ ಜಲ್ಲಿಗೆ ಎಂ-ಸ್ಯಾಂಡನ್ನು ಎರಡು ಜರಡಿಯಲ್ಲಿ ಹಾಯಿಸಿ ನಡುವಿನದನ್ನು ಉಳಿಸಿಕೊಂಡೆ. ಅದರ ಮೇಲೆ ಅಯಸ್ಕಾಂತ ಆಡಿಸುವುದನ್ನು ಮರೆಯಬೇಡಿ, ಕಬ್ಬಿಣದ ಕಣ ಮೋಟಾರಿಗೂ ಸ್ಪೀಕರಿಗೂ ಹೋಗಿ ಅಂಟುತ್ತದೆ. ಹುಲ್ಲು ನೆಟ್ಟಗೆ ನಿಲ್ಲಲು ಸ್ಥಿರವಿದ್ಯುತ್ತಿನ ಯಂತ್ರ ಬೇಕು. ಹಳೆಯ ಸೊಳ್ಳೆ ಬ್ಯಾಟಿನ ಒಂದು ವಯರನ್ನು ಲೋಹದ ಟೀ ಸೋಸುವ ಜಾಲರಿಗೆ, ಇನ್ನೊಂದನ್ನು ಒದ್ದೆ ಅಂಟಿನಲ್ಲಿ ಚುಚ್ಚಿದ ಮೊಳೆಗೆ ಕೊಟ್ಟರೆ ಅದೇ ಆಯಿತು. ಮುಟ್ಟಿದರೆ ಚುರುಕ್ ಎನ್ನುತ್ತದೆ, ಮಕ್ಕಳನ್ನು ದೂರ ಇಡಿ.

ಮರಗಳ ವಿಷಯದಲ್ಲಿ ಘಟ್ಟ ದಯೆ ತೋರುತ್ತದೆ. ಅಲ್ಲಿ ಕಾಂಡ ಕಾಣುವುದು ಮುಂದಿನ ಸಾಲಿನದು ಮಾತ್ರ, ಹಿಂದಿನದೆಲ್ಲ ಬರೀ ನೆತ್ತಿಗಳು. ಮುಂದಿನವನ್ನು ತಂತಿ ಹೊಸೆದು ಮಾಡಿದೆ, ಹಿಂದಿನವು ತೆಂಗಿನ ನಾರಿನ ಉಂಡೆಗೆ ಬಣ್ಣದ ಸ್ಪಂಜಿನ ಪುಡಿ ಅಂಟಿಸಿದವು. ಸ್ಪಂಜ್ ಪುಡಿಮಾಡಲು ಬೇರೆಯೇ ಮಿಕ್ಸಿ ಇಟ್ಟುಕೊಳ್ಳಿ, ಮನೆಯಲ್ಲಿ ಶಾಂತಿ ಇರುತ್ತದೆ. ಹಸಿರು ಒಂದೇ ಆಗಬಾರದು. ಕಂದು, ಹಳದಿ, ಕಪ್ಪು ಬೆರೆಸಿದ ನಾಲ್ಕೈದು ಹಸಿರು ಬೇಕು.

ಈಗ ಕೈಯಲ್ಲಿರುವ ಕೆಲಸ ಬ್ಯಾಂಕರ್. ಘಟ್ಟ ಹತ್ತುವ ರೈಲಿಗೆ ಹಿಂದಿನಿಂದ ತಳ್ಳುವ ಎಂಜಿನ್ ಇಲ್ಲದಿದ್ದರೆ ನೋಟ ಪೂರ್ತಿಯಾಗದು, ಸದ್ದಂತೂ ಆಗದು: ಮುಂದಿನದು ಸುರಂಗ ಸೇರಿ ಕುಗ್ಗಿದಾಗ ಹಿಂದಿನದು ಇನ್ನೂ ಬಯಲಲ್ಲಿ ಅಬ್ಬರಿಸುತ್ತಿರಬೇಕು. ಎರಡೂ ಎಂಜಿನ್ನಿನ ವೇಗ ಪ್ರತಿ ಹೆಜ್ಜೆಯಲ್ಲೂ ಸರಿಹೊಂದದಿದ್ದರೆ ಹಿಂದಿನದು ಹಗುರ ಬೋಗಿಗಳನ್ನು ತಿರುವಿನಲ್ಲಿ ಹೊರಕ್ಕೆ ದೂಡಿಬಿಡುತ್ತದೆ. ಹಾಗಾಗಿ ಮೊದಲು ತೂಕ. ಅಮೆರಿಕದ ಎನ್‌ಎಂಆರ್‌ಎ ಎಂಬ ಮಾದರಿ ರೈಲು ಸಂಘದ ಸೂತ್ರದಂತೆ ಎಚ್‌ಒ ಬೋಗಿಗೆ ಒಂದು ಔನ್ಸ್, ಜೊತೆಗೆ ಉದ್ದದ ಪ್ರತಿ ಇಂಚಿಗೆ ಅರ್ಧ ಔನ್ಸ್. 24.5 ಸೆಂಟಿಮೀಟರಿನ ಐಸಿಎಫ್ ಬೋಗಿಗೆ ಅದು ಸುಮಾರು 165 ಗ್ರಾಂ. ಕಾರಿನ ಚಕ್ರಕ್ಕೆ ಅಂಟಿಸುವ ತೂಕದ ಪಟ್ಟಿಗಳನ್ನು ಟಯರ್ ಅಂಗಡಿಯಿಂದ ತಂದು ಬೋಗಿಯ ನೆಲಕ್ಕೆ ಹಾಕಿದ್ದೇನೆ. ಐದು ಬೋಗಿ, ಹಿಂದೆ ಬ್ಯಾಂಕರ್: ಹತ್ತುತ್ತದೆ. ಏಳಕ್ಕೆ ಏರಿಸಬೇಕಾದರೆ ಒಳಗಿನ ತಿರುವುಗಳಲ್ಲಿ ಹಳಿಯ ಹೊರಗಿನ ಸಾಲನ್ನು ಕೂದಲೆಳೆಯಷ್ಟು ಎತ್ತಬೇಕಾಗುತ್ತದೋ ಏನೋ, ಅದನ್ನು ಮುಂದಿನ ರಜೆಗೆ ಇಟ್ಟುಕೊಂಡಿದ್ದೇನೆ.