ಎಫ್‌ಸಿ ನೋಡುವುದು ಖಾಲಿ ಟಿಪ್ಪರನ್ನು

ಚಿತ್ರದುರ್ಗದ ಸುತ್ತಲಿನ ಕ್ರಷರ್‌ಗಳಿಂದ ಜಲ್ಲಿ, ಎಂ-ಸ್ಯಾಂಡ್, ಆಗಾಗ ಭೀಮಸಮುದ್ರದ ಕಡೆಯ ಅದಿರು ಸಾಗಿಸುವ ಕೆಲವು ಟಿಪ್ಪರ್‌ಗಳ ಉಸ್ತುವಾರಿ ನನ್ನದು. ‘ಎಫ್‌ಸಿ (ಗಾಡಿ ಓಡಿಸಲು ಯೋಗ್ಯವೆಂಬ ಸರ್ಕಾರಿ ಪ್ರಮಾಣಪತ್ರ) ಇದೆಯಲ್ಲ, ಇನ್ನೇನು ಬೇಕು’ ಎನ್ನುವ ಮಾಲೀಕರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಗಾಡಿಗೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಅದನ್ನು ತೊಳೆದು, ಹೊಸ ರಿಫ್ಲೆಕ್ಟರ್ ಪಟ್ಟಿ ಅಂಟಿಸಿ, ಖಾಲಿ ತೊಟ್ಟಿಯೊಂದಿಗೆ ತಪಾಸಣೆಗೆ ಒಯ್ಯುತ್ತೇವೆ. ಬ್ರೇಕು, ದೀಪ, ಸ್ಟೀರಿಂಗ್ ಎಲ್ಲವನ್ನೂ ನೋಡುತ್ತಾರೆ, ನೋಡಲೇಬೇಕು. ಆದರೆ ಬಿಡಿ ಸರಕಿನ ಅಪಾಯ ಶುರುವಾಗುವುದೇ ಲೋಡರ್‌ನ ಬಕೆಟ್ ಮೇಲೆದ್ದಾಗ. ಅದಕ್ಕೇ ನಮ್ಮಲ್ಲಿ ಬೆಳಿಗ್ಗೆ ಖಾಲಿ ಗಾಡಿಗೆ ಒಂದು ತಪಾಸಣೆ, ಲೋಡ್ ಆದ ಪ್ರತಿ ಸಲವೂ ಇನ್ನೊಂದು.

ಬೆಳಗಿನದು ಬೇಗ ಮುಗಿಯುತ್ತದೆ. ಏರ್ ಟ್ಯಾಂಕಿನ ನೀರು ಬಿಡುವುದು, ಎಂಜಿನ್ ಆರಿಸಿ ಬ್ರೇಕ್ ತುಳಿದು ಹಿಡಿದು ಗಾಳಿ ಸೋರುವ ಸದ್ದಿಗೆ ಕಿವಿಗೊಡುವುದು, ಸ್ಪ್ರಿಂಗಿನ ಪ್ಲೇಟು ಮತ್ತು ಅದನ್ನು ಆಕ್ಸಲ್ಲಿಗೆ ಬಿಗಿಯುವ ಯು-ಬೋಲ್ಟ್ ನೋಡುವುದು. ಟೈರಿನ ಗೀರಿನ ಆಳ ಕನಿಷ್ಠ 1.6 ಮಿಲಿಮೀಟರ್ ಇರಬೇಕೆಂಬುದು ನಿಯಮ. ಕ್ರಷರ್ ಅಂಗಳದ ಚೂಪುಗಲ್ಲಿನ ಮೇಲೆ ಓಡುವ ಟೈರನ್ನು ಅಲ್ಲಿಯವರೆಗೆ ಸವೆಸುವುದು ಜಿಪುಣತನ. ಹಿಂಬಾಗಿಲಿನ ಕೊಂಡಿ, ಪಿನ್ನುಗಳನ್ನು ಮಾತ್ರ ಕೈಯಿಂದ ಅಲುಗಾಡಿಸಿಯೇ ನೋಡಬೇಕು. ಬಾಗಿಲಿನ ಸಂದಿನಲ್ಲಿ ಎಂ-ಸ್ಯಾಂಡ್ ದಾರಿಯುದ್ದಕ್ಕೂ ಸೋರುತ್ತದೆ, ಬೈಕಿನವರು ಜಾರುವುದು ಅದರ ಮೇಲೆಯೇ. ಕ್ರಷರ್‌ನಲ್ಲಿ ಬಿಸಾಡಿದ ಕನ್ವೇಯರ್ ಬೆಲ್ಟಿನ ಪಟ್ಟಿ ಕತ್ತರಿಸಿ ಬಾಗಿಲಿನ ಅಂಚಿಗೆ ಬೋಲ್ಟ್ ಮಾಡಿಸಿದ್ದೇನೆ. ಅಂಗಡಿಯ ಯಾವ ರಬ್ಬರೂ ಅಷ್ಟು ಬಾಳಿಕೆ ಬಂದಿಲ್ಲ.

ತೂಕದ ವಿಷಯದಲ್ಲಿ ಚಾಲಕರ ಕಣ್ಣನ್ನು ನಂಬುವಂತಿಲ್ಲ. 2018ರಲ್ಲಿ ಹತ್ತು ಚಕ್ರದ ಗಾಡಿಯ ಒಟ್ಟು ತೂಕದ ಮಿತಿಯನ್ನು 25 ಟನ್‌ನಿಂದ 28.5 ಟನ್‌ಗೆ ಏರಿಸಿದರು. ಹಳೆಯ ಗಾಡಿಯಾದರೆ ಆರ್‌ಸಿಯಲ್ಲಿ ನಮೂದಾದ ತೂಕವೇ ಲೆಕ್ಕ. 28.5 ಟನ್ನಿನ ಮಿತಿಯಲ್ಲಿ ಗಾಡಿಯ ಸ್ವಂತ ತೂಕ ಕಳೆದರೆ ಸರಕಿಗೆ ಉಳಿಯುವುದು ಸುಮಾರು 17 ಟನ್. ಜಲ್ಲಿ ಒಂದು ಘನ ಮೀಟರಿಗೆ ಸುಮಾರು ಒಂದೂವರೆ ಟನ್ ತೂಗುತ್ತದೆ, ಅದಿರು ಎರಡು ಟನ್‌ಗೂ ಮೀರಿ. ಹಾಗಾಗಿ 14 ಘನ ಮೀಟರಿನ ತೊಟ್ಟಿಯಲ್ಲಿ ಅದಿರು ಅರ್ಧದಷ್ಟಾಗುವಾಗಲೇ ಮಿತಿ ಮುಟ್ಟಿರುತ್ತದೆ. ನೋಡುವವರಿಗೆ ಗಾಡಿ ಖಾಲಿ ಹೋಗುತ್ತಿರುವಂತೆ ಕಾಣುತ್ತದೆ. ‘ಇನ್ನೆರಡು ಬಕೆಟ್ ಹಾಕಿ’ ಎನ್ನುವ ಮಾತು ಬರುವುದು ಆಗಲೇ. ನಾನು ತೊಟ್ಟಿಯ ಒಳಗೋಡೆಯ ಮೇಲೆ ಜಲ್ಲಿಗೆ ಬಿಳಿ, ಎಂ-ಸ್ಯಾಂಡಿಗೆ ಹಳದಿ, ಅದಿರಿಗೆ ಕೆಂಪು ಗೆರೆ ಎಳೆಸಿದ್ದೇನೆ. ಈಗ ತಾನೇ ತೊಳೆದ ಎಂ-ಸ್ಯಾಂಡ್ ಆದರೆ ಗೆರೆಗಿಂತ ಒಂದು ಗೇಣು ಕೆಳಗೇ ನಿಲ್ಲಿಸಬೇಕು, ಅದರೊಳಗಿನ ನೀರಿಗೂ ತೂಕವಿದೆ. ಕೊನೆಯ ಮಾತು ಗಾಡಿಯನ್ನೇ ತೂಗುವ ವೇಬ್ರಿಜ್‌ನ ಚೀಟಿಯದ್ದು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಹೆಚ್ಚುವರಿ ತೂಕಕ್ಕೆ 20,000 ರೂಪಾಯಿ ದಂಡ, ಮೇಲೆ ಟನ್ನಿಗೆ 2,000. ತೂಗಲು ಗಾಡಿ ನಿಲ್ಲಿಸದಿದ್ದರೆ 40,000. ಎರಡು ಬಕೆಟ್ ಜಲ್ಲಿಯಲ್ಲಿ ಇದನ್ನು ದುಡಿಯಲಾಗದು.

ಲೋಡ್ ಆದ ಮೇಲೆ ಕ್ಲೀನರ್ ತೊಟ್ಟಿಯ ಅಂಚು, ಚಾಸಿ, ಬಂಪರಿನ ಮೇಲೆ ಕುಳಿತ ಕಲ್ಲುಗಳನ್ನು ಗುಡಿಸುತ್ತಾನೆ. ಹಿಂದಿನ ಜೋಡಿ ಟೈರುಗಳ ನಡುವೆ ಸಿಕ್ಕಿದ ಕಲ್ಲನ್ನು ರಾಡಿನಿಂದ ಕೆಡವುತ್ತಾನೆ. ಇದನ್ನು ಕಡೆಗಣಿಸುವವರೇ ಹೆಚ್ಚು. ಹೆದ್ದಾರಿಯಲ್ಲಿ ವೇಗ ಹಿಡಿದಾಗ ಆ ಕಲ್ಲು ಹಿಂದಿನ ಕಾರಿನ ಗಾಜಿಗೆ ಕವಣೆಕಲ್ಲಿನಂತೆ ಬಡಿಯುತ್ತದೆ. ಆಮೇಲೆ ಟಾರ್ಪಾಲು. ಗುಡ್ಡದ ಮೇಲೆಲ್ಲ ಗಾಳಿಯಂತ್ರ ನಿಲ್ಲಿಸಿರುವ ಊರು ನಮ್ಮದು. ಆಷಾಢದಲ್ಲಿ ಅರೆಬರೆ ಕಟ್ಟಿದ ಟಾರ್ಪಾಲು ಬಿಚ್ಚಿಕೊಂಡು ಹಿಂದಿನವರ ಮುಖಕ್ಕೆ ಹಾರುತ್ತದೆ. ಸರಕು ಕುಲುಕಿ ತಗ್ಗಿದಂತೆ ಹಗ್ಗವೂ ಸಡಿಲವಾಗುವುದರಿಂದ ಹೆದ್ದಾರಿ ಹತ್ತುವ ಮೊದಲು ಒಮ್ಮೆ ನಿಲ್ಲಿಸಿ ಬಿಗಿಯಬೇಕು.

ಇಳಿಸುವಾಗ ಸಮತಟ್ಟು ನೆಲ, ಮೇಲೆ ವಿದ್ಯುತ್ ತಂತಿ ಇರಬಾರದು. ತೊಟ್ಟಿ ಪೂರ್ತಿ ಕೂತ ಮೇಲೆಯೇ ಗೇರ್.

ಇಷ್ಟನ್ನೆಲ್ಲ ಗೋಡೆಗೆ ಅಂಟಿಸಿದ ಪಟ್ಟಿ ಮಾಡಿಸಲಿಲ್ಲ. ಟ್ರಿಪ್ಪಿನ ಲೆಕ್ಕದಲ್ಲಿ ದುಡ್ಡು ಪಡೆಯುವ ಚಾಲಕ ಹಗ್ಗ ಬಿಗಿಯಲು ಏಕೆ ಇಳಿಯುತ್ತಾನೆ? ಅವರಿಗೆ ತಿಂಗಳ ಸಂಬಳ ಗೊತ್ತುಮಾಡಿದ ಮೇಲೆ ಹೇಳದೆಯೇ ಇಳಿಯತೊಡಗಿದರು. ಇದರಿಂದ ಟ್ರಿಪ್ಪುಗಳು ಕಡಿಮೆಯಾದವು, ಮಾಲೀಕರ ಗೊಣಗಾಟ ಇನ್ನೂ ನಿಂತಿಲ್ಲ.